ಮೋಟರಿನ ಮೇಲಿರುವ ಒಂದು ಹೆಸರು



ತಾಂಡೂರಿನ ಕಲ್ಲು ಪಾಲಿಶ್ ಯಂತ್ರದ ಮೋಟರ್ ಆಗಲಿ, ಬಶೀರಾಬಾದಿನ ಹೊಲದ ಬೋರಿನ ಮೋಟರ್ ಆಗಲಿ, ಅದಕ್ಕೆ ಎಷ್ಟು ಕರೆಂಟ್ ಬೇಕೆಂದು ಹೇಳಲು ‘ಆಂಪ್’ ಎನ್ನುತ್ತೇವೆ. ಅದು ಒಬ್ಬ ಕಥೋಲಿಕ ವಿಜ್ಞಾನಿಯ ಹೆಸರು.

ಆಂದ್ರೆ ಮರಿ ಆಂಪಿಯರ್ 1775ರ ಜನವರಿ 20ರಂದು ಫ್ರಾನ್ಸಿನ ಲಿಯೋನ್ ನಗರದಲ್ಲಿ ಹುಟ್ಟಿದರು. ಅವರು ಶಾಲೆಗೆ ಹೋದವರಲ್ಲ. ತಂದೆಯ ಪುಸ್ತಕಗಳೇ ಅವರ ಶಾಲೆ. 1793ರಲ್ಲಿ ಕ್ರಾಂತಿಯ ಗಲಭೆಯಲ್ಲಿ ಆ ತಂದೆಗೆ ಶಿರಚ್ಛೇದನವಾಯಿತು. ಹದಿನೆಂಟರ ಮಗ ಬಹುಕಾಲ ಓದು ಬಿಟ್ಟು ಮಂಕಾಗಿ ಕುಳಿತ. 1799ರಲ್ಲಿ ಜೂಲಿ ಎಂಬುವರೊಡನೆ ವಿವಾಹವಾಯಿತು. ನಾಲ್ಕೇ ವರ್ಷಕ್ಕೆ ಪುಟ್ಟ ಮಗನನ್ನು ಬಿಟ್ಟು ಆಕೆಯೂ ತೀರಿಕೊಂಡರು. ಪ್ಯಾರಿಸ್ಸಿಗೆ ಹೋಗಿ ಗಣಿತ ಕಲಿಸುತ್ತಿದ್ದ ಆಂಪಿಯರರ ಎರಡನೆಯ ಮದುವೆ ಬೇಗ ಮುರಿಯಿತು. ಆ ವರ್ಷಗಳಲ್ಲಿ ಅವರ ವಿಶ್ವಾಸವೂ ಅಲುಗಾಡಿತು. ಸಂದೇಹಗಳೊಡನೆ ವರ್ಷಗಟ್ಟಲೆ ಹೋರಾಡಿ, ಕೊನೆಗೆ ಅವರು ಧರ್ಮಸಭೆಯ ಮಡಿಲಿಗೆ ಮರಳಿದರು.

ವಿದ್ಯುತ್ತೇ ಬೇರೆ, ಅಯಸ್ಕಾಂತವೇ ಬೇರೆ ಎಂದು ಆಗ ಹೆಚ್ಚಿನವರು ತಿಳಿದಿದ್ದರು. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, ಕರೆಂಟ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡರು. ಸೆಪ್ಟೆಂಬರ್ 11ರಂದು ಆ ಪ್ರಯೋಗವನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ತೋರಿಸಲಾಯಿತು. ಒಂದೇ ವಾರದಲ್ಲಿ ಆಂಪಿಯರ್ ತಮ್ಮ ಮೊದಲ ಲೇಖನ ಓದಿದರು. ಮರುವಾರ, ಅಯಸ್ಕಾಂತವೇ ಇಲ್ಲದೆ, ಅಕ್ಕಪಕ್ಕದ ಎರಡು ತಂತಿಗಳಲ್ಲಿ ಕರೆಂಟ್ ಒಂದೇ ದಿಕ್ಕಿಗೆ ಹರಿದರೆ ಅವು ಸೆಳೆಯುತ್ತವೆ, ಎದುರುಬದುರು ಹರಿದರೆ ದೂಡುತ್ತವೆ ಎಂದು ತೋರಿಸಿದರು. ಆ ಬಲವನ್ನು ಲೆಕ್ಕ ಹಾಕುವ ನಿಯಮವನ್ನೂ ಕೊಟ್ಟರು. ಇಂದು ನಮ್ಮ ಮೋಟರ್ ತಿರುಗುವುದು, ಸುತ್ತಿದ ತಂತಿಗಳಲ್ಲಿ ಹುಟ್ಟುವ ಇಂಥ ಬಲದಿಂದಲೇ.

ಓದಲು ಪ್ಯಾರಿಸ್ಸಿಗೆ ಬಂದ ಫ್ರೆಡ್ರಿಕ್ ಓಜಾನಾಂ ಎಂಬ ಯುವಕನಿಗೆ ಆಂಪಿಯರ್ ತಮ್ಮ ಮನೆಯಲ್ಲೇ ಇರಲು ಜಾಗ ಕೊಟ್ಟರು. ಒಮ್ಮೆ ಮನಸ್ಸು ಕುಗ್ಗಿ ದೇವಾಲಯ ಹೊಕ್ಕ ಆ ಯುವಕ, ಮೂಲೆಯಲ್ಲಿ ಜಪಸರ ಹಿಡಿದು ಮೊಣಕಾಲೂರಿದ್ದ ಆಂಪಿಯರರನ್ನು ಕಂಡು ಧೈರ್ಯ ತಂದುಕೊಂಡನೆಂದು ಹೇಳುತ್ತಾರೆ. ಅದೇ ಓಜಾನಾಂ ಗೆಳೆಯರೊಡನೆ ಸೇರಿ 1833ರಲ್ಲಿ ಸಂತ ವಿನ್ಸೆಂಟ್ ದೆ ಪೌಲ್ ಸಭೆಯನ್ನು ಆರಂಭಿಸಿದರು.

1836ರ ಜೂನ್ 10ರಂದು ಮಾರ್ಸೇ ನಗರದಲ್ಲಿ ಆಂಪಿಯರ್ ನಿಧನರಾದರು. 1881ರಲ್ಲಿ ವಿದ್ಯುತ್ ಪ್ರವಾಹದ ಅಳತೆಗೆ ಅವರ ಹೆಸರಿಡಲಾಯಿತು.

ಓದಿದ ಮಗ ಪೂಜೆಗೆ ಬರುವುದನ್ನು ಬಿಟ್ಟಾಗ, ಸಾವು ಕಂಡ ಮನೆಯಲ್ಲಿ ಪ್ರಾರ್ಥನೆ ನಿಂತಾಗ, ನಾವು ಬೇಗ ಬೇಸತ್ತು ಗದರುತ್ತೇವೆ. ಆಂಪಿಯರರು ಮರಳಲು ವರ್ಷಗಳೇ ಬೇಕಾದವು. ಅಂಥವರಿಗಾಗಿ ಈ ವಾರದ ಜಪಸರದಲ್ಲಿ ಒಂದು ದಶಕವನ್ನು ಒಪ್ಪಿಸೋಣ. ಬಾಗಿಲು ತೆರೆದಿಟ್ಟು ಕಾಯೋಣ.