ಕುದ್ಮುಲ್ ರಂಗರಾಯರು ಬಿಟ್ಟುಕೊಟ್ಟ ನೆಮ್ಮದಿ

ಕಂಫರ್ಟ್ ಝೋನ್ ಬಿಟ್ಟು ಹೊರಗೆ ಬನ್ನಿ ಅಂತ ರೀಲ್ಸ್‌ಗಳಲ್ಲಿ, ಆಫೀಸಿನ ಟ್ರೈನಿಂಗ್‌ಗಳಲ್ಲಿ ದಿನಾ ಹೇಳ್ತಾರೆ. ಬೆಳಿಗ್ಗೆ ಐದಕ್ಕೆ ಏಳಿ, ತಣ್ಣೀರು ಸ್ನಾನ ಮಾಡಿ, ವೇದಿಕೆ ಹತ್ತಿ ಮಾತಾಡಿ. ಒಳ್ಳೆಯದೇ. ಆದರೆ ನೂರಮೂವತ್ತು ವರ್ಷಗಳ ಹಿಂದೆ ಮಂಗಳೂರಿನ ಒಬ್ಬ ವಕೀಲರು ಬಿಟ್ಟುಕೊಟ್ಟದ್ದು ನಾವು ಯಾರೂ ಸುಲಭಕ್ಕೆ ಬಿಡದ ನೆಮ್ಮದಿಯನ್ನು. ಅದು ಜಾತಿಯ ನೆಮ್ಮದಿ.

ಕುದ್ಮುಲ್ ರಂಗರಾಯರು ಹುಟ್ಟಿದ್ದು 1859ರಲ್ಲಿ, ಕಾಸರಗೋಡಿನಲ್ಲಿ. ಸಾರಸ್ವತ ಬ್ರಾಹ್ಮಣ ಮನೆತನ, ಆದರೆ ಬಡತನ. ಕಷ್ಟಪಟ್ಟು ಓದಿ, ಮಂಗಳೂರಿಗೆ ಬಂದು ವಕೀಲರಾದರು. ಬಡವರ ಪರ ವಾದಿಸುವ ವಕೀಲ ಎಂಬ ಹೆಸರೂ ಬಂತು. ಅಲ್ಲಿಗೇ ನಿಂತಿದ್ದರೂ ಅವರನ್ನು ಒಳ್ಳೆಯ ಮನುಷ್ಯ ಅಂತಲೇ ಊರು ನೆನೆಯುತ್ತಿತ್ತು. ಬ್ರಹ್ಮಸಮಾಜದ ಸಂಪರ್ಕವೂ ಇತ್ತು. ಜಾತಿ ತಪ್ಪು ಅಂತ ಒಪ್ಪಿಕೊಂಡು, ಪ್ರಾರ್ಥನೆ ಮುಗಿಸಿ, ಮತ್ತೆ ಅದೇ ಜಾತಿಯ ಬೀದಿಯ ಮನೆಗೆ ಹೋಗಿ ಊಟ ಮಾಡುವುದು ಆ ಕಾಲದ ಎಷ್ಟೋ ವಿದ್ಯಾವಂತರಿಗೆ ಸಾಧ್ಯವಾಗಿತ್ತು. ಈಗಿನವರಿಗೂ ಸಾಧ್ಯವಾಗಿದೆ, ಬಿಡಿ.

ರಂಗರಾಯರಿಗೆ ಅದು ಸಾಧ್ಯವಾಗಲಿಲ್ಲ. 1892ರಲ್ಲಿ ಉರ್ವದ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಮೇಲ್ಜಾತಿಯವರ ವಿರೋಧ ಜೋರಾಗಿತ್ತು. ಶಾಲೆಯ ಜಾಗ ಬದಲಿಸಬೇಕಾಯಿತು. ಪಾಠ ಹೇಳಲು ಸವರ್ಣ ಮೇಷ್ಟ್ರುಗಳು ಸಿಗಲಿಲ್ಲ, ಕ್ರೈಸ್ತ ಶಿಕ್ಷಕರು ಬಂದರು. ಸ್ವಂತ ಸಮುದಾಯ ಅವರಿಗೆ ಬಹಿಷ್ಕಾರ ಹಾಕಿತು.

ಬಹಿಷ್ಕಾರ ಅನ್ನುವುದನ್ನು ನಾವು ಈಗ ಒಂದು ಪದವಾಗಿ ಓದಿ ಮುಂದೆ ಹೋಗ್ತೀವಿ. ನಂಟರ ಮದುವೆಗೆ ಕರೆಯೋಲೆ ಇಲ್ಲ, ಹಬ್ಬಕ್ಕೆ ಬರುವವರಿಲ್ಲ, ಮಕ್ಕಳಿಗೆ ಸಂಬಂಧ ಕೇಳುವವರಿಲ್ಲ ಅಂದರೆ ಏನು ಅಂತ ಯೋಚಿಸಿ ನೋಡಿ. ಹಾಗೆ ಹೊರಗಿಡುವಾಗ ಊರು ಬರೀ ಯಜಮಾನನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿರ್ಧಾರ ರಾಯರದು, ಅದರ ಬೆಲೆ ಹೆಂಡತಿ ಮಕ್ಕಳೂ ತೆರಬೇಕಾದದ್ದು. ಸುಧಾರಕರ ಚರಿತ್ರೆಗಳಲ್ಲಿ ಈ ಲೆಕ್ಕ ಬರೆಯುವುದು ಕಡಿಮೆ.

ಅವರು ಹಿಂದೆ ಸರಿಯಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಹಸಿದ ಮಗು ಅಕ್ಷರ ಕಲಿಯಲಾರದು ಎಂದು ಶಾಲೆಯಲ್ಲೇ ಮಧ್ಯಾಹ್ನದ ಊಟ ಕೊಟ್ಟರು. ಸರ್ಕಾರಗಳು ಬಿಸಿಯೂಟ ಶುರುಮಾಡುವುದಕ್ಕೆ ಎಷ್ಟೋ ವರ್ಷ ಮುಂಚಿನ ಮಾತಿದು. ನೇಯ್ಗೆ ಕಲಿಸಿದರು, ಮನೆ ಕಟ್ಟಿಕೊಳ್ಳಲು ಜಾಗಕ್ಕಾಗಿ ಓಡಾಡಿದರು. ಮಿಷನ್‌ನ ಹೆಸರಲ್ಲೇ ಮೇಲಿನಿಂದ ಕೈನೀಡುವ ಧ್ವನಿ ಇದೆ ಎಂದು ಇವತ್ತು ಯಾರಾದರೂ ಹೇಳಿದರೆ ಅದು ಸುಳ್ಳಲ್ಲ. ಆದರೆ ರಾಯರು ಕೈನೀಡಿ ತಾವು ಮೇಲೆಯೇ ಉಳಿದವರಲ್ಲ.

ಅದಕ್ಕೆ ಸಾಕ್ಷಿ ಅವರ ಮನೆಯಲ್ಲೇ ಇದೆ. ಮಗಳು ರಾಧಾಬಾಯಿಯ ಮದುವೆ ಜಾತಿ ದಾಟಿ, ಭಾಷೆ ದಾಟಿ, ತಮಿಳುನಾಡಿನ ಪಿ. ಸುಬ್ಬರಾಯನ್ ಅವರ ಜೊತೆ 1912ರಲ್ಲಿ ನಡೆಯಿತು. ಆ ಅಳಿಯ ಮುಂದೆ ಮದ್ರಾಸ್ ಪ್ರಾಂತ್ಯದ ಸರ್ಕಾರದ ಮುಖ್ಯಸ್ಥರಾದರು. ರಾಧಾಬಾಯಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದರು, 1938ರಲ್ಲಿ ಕೌನ್ಸಿಲ್ ಆಫ್ ಸ್ಟೇಟ್‌ನ ಮೊದಲ ಮಹಿಳಾ ಸದಸ್ಯೆಯಾದರು. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಪಿ.ಪಿ. ಕುಮಾರಮಂಗಲಂ ರಾಯರ ಮೊಮ್ಮಗ.

ರಾಯರ ಆಸೆ ಮಾತ್ರ ಬೇರೆ ಮಕ್ಕಳ ಬಗ್ಗೆ ಇತ್ತು. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗು ದೊಡ್ಡವನಾಗಿ ಕಾರಿನಲ್ಲಿ ಹೋಗಬೇಕು, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು ಎಂದು ಅವರು ಬಯಸಿದ್ದರು. ಅವರ ಸಮಾಧಿಯ ಮೇಲೆ ಈ ಆಸೆಯನ್ನೇ ಕೆತ್ತಿಸಿದ್ದಾರೆ.

ಕೊನೆಗಾಲದಲ್ಲಿ ಸನ್ಯಾಸ ತೆಗೆದುಕೊಂಡು ಈಶ್ವರಾನಂದ ಎನಿಸಿಕೊಂಡರು. ಜಾತಿಯ ಕೊನೆಯ ಕಟ್ಟು ಸಾವಿನ ಹೊತ್ತಲ್ಲಿ ಇರುತ್ತದೆ. ಹೆಣ ಯಾರು ಮುಟ್ಟಬೇಕು, ಯಾರು ಮುಟ್ಟಬಾರದು ಎಂಬ ಲೆಕ್ಕ. ಬದುಕೆಲ್ಲ ಕ್ರಾಂತಿ ಮಾತಾಡಿದವರ ಮನೆಯಲ್ಲೂ ಆವತ್ತು ಪುರೋಹಿತರು ಬಂದುಬಿಡ್ತಾರೆ. ರಾಯರು ಅದನ್ನೂ ಮೊದಲೇ ತೀರ್ಮಾನಿಸಿಟ್ಟಿದ್ದರು. ತಮ್ಮ ಅಂತ್ಯಕ್ರಿಯೆಯನ್ನು ಊರಿನ ಮಲ ಬಳಿಯುವ ತೋಟಿಗಳೇ ಮಾಡಬೇಕು ಎಂದು ಹೇಳಿಟ್ಟು, 1928ರ ಜನವರಿ 30ರಂದು ತೀರಿಕೊಂಡರು.