ಪ್ಲೇಲಿಸ್ಟಿಗೆ ಸಿಗದ ಬಿ.ವಿ. ಕಾರಂತ: ಗುಬ್ಬಿ ಕಂಪನಿಯ ಹುಡುಗ ಬದಲಿಸಿದ ಸಿನಿಮಾ ಸಂಗೀತ

ಸಿನಿಮಾದ ಹಿನ್ನೆಲೆ ಸಂಗೀತದ ಬಗ್ಗೆ ಮಾತು ಶುರುವಾದರೆ ನಮ್ಮ ತಲೆಮಾರಿನವರ ಪಟ್ಟಿ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ಜಾನ್ ವಿಲಿಯಮ್ಸ್‌ನ 'ಸ್ಟಾರ್ ವಾರ್ಸ್', ಎನ್ನಿಯೋ ಮೊರಿಕೋನೆಯ ಕೌಬಾಯ್ ಸಿನಿಮಾಗಳು, ಹ್ಯಾನ್ಸ್ ಝಿಮ್ಮರ್‌ನ 'ಇಂಟರ್‌ಸ್ಟೆಲ್ಲರ್'. ಮನೆ ಹತ್ತಿರ ಬಂದರೆ ಇಳಯರಾಜ. ಕನ್ನಡಕ್ಕೇ ಬಂದರೆ ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ, ಹಂಸಲೇಖ. ಒಳ್ಳೆಯ ಪಟ್ಟಿಯೇ, ತಕರಾರಿಲ್ಲ. ಆದರೆ 1976 ಮತ್ತು 1977ರ ಸಿನಿಮಾಗಳಿಗೆ ಸತತ ಎರಡು ಸಲ ಅತ್ಯುತ್ತಮ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ಪಡೆದ ಕನ್ನಡಿಗನೊಬ್ಬನ ಹೆಸರು ಇದರಲ್ಲಿ ಬರೋದೇ ಇಲ್ಲ. ಎರಡೂ ಕನ್ನಡ ಸಿನಿಮಾಗಳು: 'ಋಷ್ಯಶೃಂಗ' ಮತ್ತು 'ಘಟಶ್ರಾದ್ಧ'. ಸಂಗೀತ ಬಿ.ವಿ. ಕಾರಂತರದ್ದು.

ಕಾರಂತರು ಅಂದರೆ ನಾಟಕದವರು, ರಂಗಾಯಣದವರು ಅಂತ ಒಂದು ಡಬ್ಬಿಗೆ ಹಾಕಿ ಮುಚ್ಚಿಟ್ಟಿದ್ದೇವೆ. ಸಿನಿಮಾ ಸಂಗೀತಗಾರರಾಗಿ ಅವರು ಮಾಡಿದ್ದೇನು, ಅದು ಎಲ್ಲಿಂದ ಬಂತು ಅಂತ ಹುಡುಕಿದರೆ ದಾರಿ ತುಮಕೂರು ಜಿಲ್ಲೆಯ ಗುಬ್ಬಿ ಅನ್ನೋ ಸಣ್ಣ ಪೇಟೆಗೆ ಬಂದು ನಿಲ್ಲುತ್ತೆ.

ಬಾಬುಕೋಡಿ ವೆಂಕಟರಮಣ ಕಾರಂತ ಹುಟ್ಟಿದ್ದು 1929ರ ಸೆಪ್ಟೆಂಬರ್ 19ರಂದು, ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ. ಯಕ್ಷಗಾನದ ಚೆಂಡೆ ಮದ್ದಳೆ ಕೇಳುತ್ತಾ ಬೆಳೆಯುವ ಸೀಮೆ ಅದು. ಮೂರನೇ ಕ್ಲಾಸಿನಲ್ಲಿದ್ದಾಗಲೇ ಕುವೆಂಪು ಅವರ 'ನನ್ನ ಗೋಪಾಲ' ನಾಟಕದಲ್ಲಿ ಪಾತ್ರ ಮಾಡಿದ ಹುಡುಗ. ನಾಟಕದ ಹುಚ್ಚು ಹಿಡಿದ ಮೇಲೆ ಮನೆಯಲ್ಲಿ ಕೂರಲಿಲ್ಲ, ಓಡಿಹೋದ. ಸೇರಿದ್ದು ಗುಬ್ಬಿ ವೀರಣ್ಣನವರ ಕಂಪನಿಗೆ.

ಇಲ್ಲಿ ಗುಬ್ಬಿ ಕಂಪನಿ ಬಗ್ಗೆ ಎರಡು ಮಾತು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಈ ತಂಡದ ಪೂರ್ತಿ ಹೆಸರು ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ. ಬಾಲನಟನಾಗಿ ಸೇರಿ, ಹಾಸ್ಯನಟನಾಗಿ ಬೆಳೆದು, 1917ರಲ್ಲಿ ಅದರ ಯಜಮಾನಿಕೆ ವಹಿಸಿಕೊಂಡವರು ವೀರಣ್ಣ. ಹೆಸರಿನಲ್ಲಿ ಗುಬ್ಬಿ ಇದ್ದರೂ ಕಂಪನಿ ಗುಬ್ಬಿಯಲ್ಲೇ ಕೂತಿರಲಿಲ್ಲ. ಊರಿಂದೂರಿಗೆ ಕ್ಯಾಂಪ್ ಹಾಕುತ್ತಾ ತಿರುಗುತ್ತಿತ್ತು. 'ಕುರುಕ್ಷೇತ್ರ' ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದ ಕಂಪನಿ ಅದು. ಅಡುಗೆಯವರು, ಪರದೆ ಬರೆಯುವವರು, ಹಾರ್ಮೋನಿಯಂ ಮೇಷ್ಟ್ರು, ಬಡಗಿ, ನಟ, ನಟಿ ಎಲ್ಲ ಸೇರಿ ಒಂದು ನಡೆಯುವ ಊರು.

ಈಗ ತುಮಕೂರು ಕಡೆ ಆರ್ಕೆಸ್ಟ್ರಾ ಅಂದರೆ ಗಣೇಶನ ಪೆಂಡಾಲಿನಲ್ಲಿ ಕೀಬೋರ್ಡು, ರಿದಮ್ ಪ್ಯಾಡ್ ಇಟ್ಟುಕೊಂಡು ಸಿನಿಮಾ ಹಾಡು ಹಾಡುವ ತಂಡ. ಕಂಪನಿ ನಾಟಕದ ಕಾಲದಲ್ಲಿ ಆ ಜಾಗದಲ್ಲಿದ್ದದ್ದು ರಂಗದ ಪಕ್ಕದ ಹಾರ್ಮೋನಿಯಂ ಮತ್ತು ತಬಲಾ. ಕರ್ನಾಟಕ ಸಂಗೀತ, ಮರಾಠಿ ನಾಟಕಗಳಿಂದ ಬಂದ ಹಿಂದೂಸ್ತಾನಿ ಚೀಜುಗಳು, ಜಾತ್ರೆಯ ಮಟ್ಟು, ಎಲ್ಲವೂ ಅಲ್ಲಿ ಕಲೆಸಿಹೋಗಿದ್ದವು. ಗುಡುಗು ಬೇಕಾದರೆ ತಗಡು ಅಲ್ಲಾಡಿಸು, ಅಷ್ಟೇ. ಹಾಡು ಹಿಡಿಸಿದರೆ ಜನ ಒನ್ಸ್ ಮೋರ್ ಕೂಗಿ ಸತ್ತ ಪಾತ್ರವನ್ನೂ ಎಬ್ಬಿಸಿ ಹಾಡಿಸುತ್ತಿದ್ದರು. ಸಂಗೀತ ಅನ್ನೋದು ದೂರದ ಶಾಸ್ತ್ರವಲ್ಲ, ಎದುರಿಗೆ ಕೂತವರ ಜೊತೆ ನಡೆಯುವ ವ್ಯವಹಾರ ಅನ್ನೋದನ್ನ ಹುಡುಗ ಕಾರಂತ ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಇರಲಿಲ್ಲ.

ಅದೇ ಕಂಪನಿಯಲ್ಲಿ ಮುತ್ತುರಾಜ್ ಅನ್ನೋ ಇನ್ನೊಬ್ಬ ಯುವಕನೂ ಇದ್ದ. 1954ರಲ್ಲಿ 'ಬೇಡರ ಕಣ್ಣಪ್ಪ' ಸಿನಿಮಾದಿಂದ ಆತ ರಾಜ್‌ಕುಮಾರ್ ಆದ. ಆ ಸಿನಿಮಾದ ನಿರ್ಮಾಣದಲ್ಲೂ ವೀರಣ್ಣನವರ ಗುಬ್ಬಿ ಕರ್ನಾಟಕ ಫಿಲಂಸ್ ಇತ್ತು. ಸಂಗೀತ ಮದ್ರಾಸಿನ ಆರ್. ಸುದರ್ಶನಂ ಅವರದ್ದು. ಅಲ್ಲಿಂದ ಮುಂದೆ ಕನ್ನಡ ಸಿನಿಮಾದ ಸದ್ದು ರೂಪುಗೊಂಡಿದ್ದು ಬಹುಮಟ್ಟಿಗೆ ಮದ್ರಾಸಿನ ಸ್ಟುಡಿಯೋಗಳಲ್ಲಿ. ವಯಲಿನ್‌ಗಳ ಸಾಲು, ಕೊಳಲು, ಸಿತಾರ್, ಆಮೇಲೆ ಗಿಟಾರ್, ಟ್ರಂಪೆಟ್. ಎಲ್ಲರೂ ಒಂದೇ ಹಾಲ್‌ನಲ್ಲಿ ಕೂತು ಒಂದೇ ಟೇಕ್‌ನಲ್ಲಿ ನುಡಿಸಬೇಕು. ಕಾರಂತ ಆ ಕಡೆ ಹೋಗಲಿಲ್ಲ. ಅವರನ್ನು ವೀರಣ್ಣನವರು ಕಳಿಸಿದ್ದು ಬನಾರಸ್ಸಿಗೆ, ಎಂ.ಎ. ಓದಲಿಕ್ಕೆ!

ಸ್ವಲ್ಪ ಯೋಚನೆ ಮಾಡಿ. ಸ್ವತಃ ಶಾಲೆ ಕಾಲೇಜು ಅಂತ ಓದದ ನಾಟಕ ಕಂಪನಿಯ ಯಜಮಾನ, ಮನೆಬಿಟ್ಟು ಬಂದ ಹುಡುಗನಿಗೆ ಓದು ಮುಂದುವರಿಸು ಅಂತ ಸಾವಿರಾರು ಕಿಲೋಮೀಟರ್ ದೂರಕ್ಕೆ ಕಳಿಸುತ್ತಾರೆ. ವಾಪಸ್ ಬಂದು ಕಂಪನಿಗೇ ದುಡಿಯುತ್ತಾನೆ ಅನ್ನೋ ಗ್ಯಾರಂಟಿ ಏನೂ ಇಲ್ಲ. ಬನಾರಸ್ಸಿನಲ್ಲಿ ಕಾರಂತ ಓದಿನ ಜೊತೆಗೆ ಪಂಡಿತ್ ಓಂಕಾರನಾಥ ಠಾಕೂರ್ ಅವರ ಬಳಿ ಹಿಂದೂಸ್ತಾನಿ ಸಂಗೀತವನ್ನೂ ಕಲಿತರು. ಅಲ್ಲಿಂದ ದೆಹಲಿ. ಇಬ್ರಾಹಿಂ ಅಲ್ಕಾಜಿ ಅವರ ಕಾಲದ ರಾಷ್ಟ್ರೀಯ ನಾಟಕ ಶಾಲೆಯಿಂದ 1962ರಲ್ಲಿ ಪದವಿ. ಸ್ವಲ್ಪ ಕಾಲ ದೆಹಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕದ ಮೇಷ್ಟ್ರು.

ಬೆಂಗಳೂರಿಗೆ ಬಂದು 1972ರಲ್ಲಿ ಬಯಲಿನಲ್ಲಿ ಮಾಡಿಸಿದ ನಾಟಕಗಳು ಕನ್ನಡ ರಂಗಭೂಮಿಯ ದಿಕ್ಕನ್ನೇ ಬದಲಿಸಿದವು: ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ', ಲಂಕೇಶರ 'ಸಂಕ್ರಾಂತಿ', ಜೊತೆಗೆ 'ಈಡಿಪಸ್'. ಪತ್ನಿ ಪ್ರೇಮಾ ಕಾರಂತರೊಂದಿಗೆ 'ಬೆನಕ' ತಂಡ ಕಟ್ಟಿದರು. ಇದೇ ಪ್ರೇಮಾ ಮುಂದೆ 'ಫಣಿಯಮ್ಮ' ನಿರ್ದೇಶಿಸಿದರು. 'ಸತ್ತವರ ನೆರಳು', 'ಹಯವದನ'ದ ಹಾಡುಗಳನ್ನ ನಾಟಕ ನೋಡದವರೂ ಗುನುಗುತ್ತಾರೆ. ಕಾರಂತರ ಪದ್ಧತಿ ಸರಳ, ಆದರೆ ಅಪಾಯಕಾರಿ. ಅವರಿಗೆ ಯಾವ ವಸ್ತುವೂ ಬೇಸುರ ಅಲ್ಲ. ಕಲ್ಲು, ತೆಂಗಿನ ಚಿಪ್ಪು, ಬಿದಿರು, ಮಡಕೆ, ನಟರ ಉಸಿರು, ಎಲ್ಲವೂ ವಾದ್ಯ. ಮಾತಿಗೇ ಒಂದು ಲಯ ಇದೆ, ಅದನ್ನ ಹಿಡಿದರೆ ಹಾಡು ತಾನೇ ಹುಟ್ಟುತ್ತೆ ಅನ್ನೋದು ಅವರ ನಂಬಿಕೆ.

ಇಂಜಿನಿಯರಿಂಗ್ ಓದಿದವರಿಗೆ ಸಿಗ್ನಲ್ ಮತ್ತು ನಾಯ್ಸ್ ಪಾಠ ನೆನಪಿರಬಹುದು. ನಾಯ್ಸ್ ಅಂತ ಪ್ರಕೃತಿಯಲ್ಲಿ ಪ್ರತ್ಯೇಕವಾಗಿ ಏನೂ ಇಲ್ಲ. ಕೇಳುವವನಿಗೆ ಬೇಕಾದದ್ದು ಸಿಗ್ನಲ್, ಬೇಡವಾದದ್ದು ನಾಯ್ಸ್. ಸಮಾಜವೂ ಹೀಗೇ ವಿಂಗಡಣೆ ಮಾಡುತ್ತೆ. ವೀಣೆ ಸಂಗೀತ, ತಮಟೆ ಗಲಾಟೆ. ಕಛೇರಿಯಲ್ಲಿ ಕೂತು ಕೇಳುವುದು ಕಲೆ, ಕೇರಿಯಿಂದ ಕೇಳಿಬರುವುದು ಸದ್ದು. ಕಾರಂತರು ಈ ವಿಂಗಡಣೆಗೇ ಕೈಹಾಕಿದರು. ಅದು ಅತ್ಯಂತ ಸ್ಪಷ್ಟವಾಗಿ ಕೇಳಿಸುವುದು ಅವರೇ ನಿರ್ದೇಶಿಸಿ ಸಂಗೀತ ಕೊಟ್ಟ 'ಚೋಮನ ದುಡಿ'ಯಲ್ಲಿ.

ಅದಕ್ಕೂ ಮೊದಲು 1971ರಲ್ಲಿ ಗಿರೀಶ್ ಕಾರ್ನಾಡರ ಜೊತೆ ಸೇರಿ 'ವಂಶವೃಕ್ಷ' ನಿರ್ದೇಶಿಸಿ ಇಬ್ಬರೂ ರಾಷ್ಟ್ರಪ್ರಶಸ್ತಿ ಹಂಚಿಕೊಂಡಿದ್ದರು. ಕಾರ್ನಾಡರ 'ಕಾಡು' ಸಿನಿಮಾಕ್ಕೆ ಸಂಗೀತ ಕೊಟ್ಟಿದ್ದರು. 'ಚೋಮನ ದುಡಿ' ಬಂದಿದ್ದು 1975ರಲ್ಲಿ. ಶಿವರಾಮ ಕಾರಂತರ 1933ರ ಕಾದಂಬರಿ ಆಧರಿಸಿದ ಕಪ್ಪುಬಿಳುಪು ಸಿನಿಮಾ. ದಲಿತ ಜೀತದಾಳು ಚೋಮನಿಗೆ ಒಂದೇ ಆಸೆ, ತನ್ನದೇ ಒಂದು ತುಂಡು ಹೊಲ ಉಳಬೇಕು. ಎತ್ತುಗಳಿವೆ, ತೋಳಲ್ಲಿ ಶಕ್ತಿಯಿದೆ, ಜಾತಿ ಬಿಡುವುದಿಲ್ಲ. ಸಾಲ, ಕಾಯಿಲೆ, ಸಾವು ಒಂದೊಂದೇ ಬಂದು ಮಕ್ಕಳನ್ನ ಕಿತ್ತುಕೊಂಡು ಹೋಗುತ್ತವೆ. ಅವನಿಗೆ ಉಳಿಯುವುದು ದುಡಿ ಮಾತ್ರ.

ಇಂಥ ಕಥೆಗೆ ಮಾಮೂಲಿ ಸಿನಿಮಾ ಏನು ಮಾಡುತ್ತೆ ಅಂತ ನಮಗೆ ಗೊತ್ತು. ಚೋಮ ಅತ್ತಾಗ ಇಪ್ಪತ್ತು ವಯಲಿನ್‌ಗಳು ಅಳುತ್ತವೆ. ನಾವೂ ಎರಡು ಹನಿ ಕಣ್ಣೀರು ಹಾಕಿ, ಹಗುರಾಗಿ ಮನೆಗೆ ಹೋಗುತ್ತೇವೆ. ಕಾರಂತರು ಆ ಸವಲತ್ತು ಕೊಡಲಿಲ್ಲ. ಆ ಸಿನಿಮಾದ ಬೆನ್ನೆಲುಬು ದುಡಿಯೇ. ಚೋಮನ ಸಿಟ್ಟು, ಹಠ, ಸೋಲು ಎಲ್ಲ ಅವನ ಕೈಯಿಂದಲೇ ಹೊರಡುತ್ತೆ. ಅವನ ಪರವಾಗಿ ದುಃಖಪಡಲು ಬೇರೆ ಯಾರನ್ನೂ ಬಾಡಿಗೆಗೆ ಕರೆಸಿಲ್ಲ. ಆ ವರ್ಷದ ಅತ್ಯುತ್ತಮ ಚಿತ್ರಕ್ಕಾಗಿ ಸ್ವರ್ಣಕಮಲ ಇದಕ್ಕೇ ಬಂತು, ಚೋಮನ ಪಾತ್ರ ಮಾಡಿದ ವಾಸುದೇವ ರಾವ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಉಳುವವನೇ ಹೊಲದೊಡೆಯ ಅನ್ನೋ ಭೂಸುಧಾರಣೆ ತಿದ್ದುಪಡಿ ದೇವರಾಜ ಅರಸು ಸರ್ಕಾರದಲ್ಲಿ ಜಾರಿಗೆ ಬಂದದ್ದು 1974ರಲ್ಲಿ. ಅದರ ಮರುವರ್ಷವೇ ಉಳಲು ನೆಲ ಸಿಗದವನ ದುಡಿ ತೆರೆ ಮೇಲೆ ಕೇಳಿತು.

ಇಲ್ಲೊಂದು ಪ್ರಶ್ನೆ ಏಳುತ್ತೆ, ಏಳಲೇಬೇಕು. ಕಾದಂಬರಿ ಬರೆದವರು ಬ್ರಾಹ್ಮಣ, ಸಿನಿಮಾ ಮಾಡಿದವರು ಬ್ರಾಹ್ಮಣ. ಚೋಮನ ದುಡಿ ಚೋಮನ ಕಡೆಯವರಿಗೆ ಸೇರಿದ್ದಾ, ಇವರಿಗಾ? ಚೋಮ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾ ಸಾಯುತ್ತಾನೆ, ಬೀದಿಗೆ ಬರುವುದಿಲ್ಲ. ಅದೇ ದಶಕದಲ್ಲಿ ದಲಿತ ಚಳವಳಿ ತನ್ನ ತಮಟೆ ಹಿಡಿದು ಬೀದಿಗೆ ಬಂತು, ತನ್ನ ಹಾಡು ತಾನೇ ಕಟ್ಟಿತು. ಚಳವಳಿ ಮಾಡಿದ ಕೆಲಸವನ್ನ ಸಿನಿಮಾದ ಖಾತೆಗೆ ಬರೆಯೋದು ಬೇಡ. ಕಾರಂತರು ಮಾಡಿದ್ದು ಅದಕ್ಕಿಂತ ಚಿಕ್ಕ ಕೆಲಸ, ಆದರೆ ನಿಜವಾದದ್ದು. ದುಡಿಯನ್ನು ವಯಲಿನ್‌ಗಳ ಕೆಳಗೆ ಹೂತುಹಾಕಲಿಲ್ಲ. ಕೇಳುವ ಸರದಿ ನಮ್ಮದು ಅಂತ ಬಿಟ್ಟರು.

ಆಮೇಲೆ ಎಂ.ಎಸ್. ಸತ್ಯು ಅವರ 'ಕನ್ನೇಶ್ವರ ರಾಮ', ವಿ.ಆರ್.ಕೆ. ಪ್ರಸಾದ್ ಅವರ 'ಋಷ್ಯಶೃಂಗ', ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ 'ಘಟಶ್ರಾದ್ಧ'. ಬದುಕಿರುವ ವಿಧವೆಯೊಬ್ಬಳಿಗೆ ಶ್ರಾದ್ಧ ಮಾಡಿ ಊರಾಚೆ ಹಾಕುವ ಕಥೆ ಅದು, ಚಿಕ್ಕ ಹುಡುಗನೊಬ್ಬನ ಕಣ್ಣಲ್ಲಿ ನೋಡಿದ್ದು. ಬಂಗಾಳದ ಮೃಣಾಲ್ ಸೇನ್ ಕೂಡ ಇವರನ್ನೇ ಕರೆದರು. ದುಡಿಯುವ ಮಗಳು ಒಂದು ರಾತ್ರಿ ಮನೆಗೆ ಬಾರದಿದ್ದಾಗ ಕುಟುಂಬ ಕಂಗಾಲಾಗುವ 'ಏಕ್ ದಿನ್ ಪ್ರತಿದಿನ್', ಮನೆಗೆಲಸದ ಪುಟ್ಟ ಹುಡುಗ ಅಡುಗೆಮನೆಯಲ್ಲಿ ಸಾಯುವ 'ಖಾರಿಜ್'. ಎರಡಕ್ಕೂ ಕಾರಂತರ ಸಂಗೀತ. 'ಖಾರಿಜ್' 1983ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಜ್ಯೂರಿ ಪ್ರಶಸ್ತಿ ಪಡೆಯಿತು. ಗುಬ್ಬಿ ಕಂಪನಿಯ ಹಾರ್ಮೋನಿಯಂ ಪಕ್ಕ ಬೆಳೆದ ಕಿವಿ ಕಾನ್‌ವರೆಗೂ ಹೋಯಿತು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

1977ರಿಂದ 81ರವರೆಗೆ ತಾವು ಓದಿದ ರಾಷ್ಟ್ರೀಯ ನಾಟಕ ಶಾಲೆಗೇ ಅವರು ನಿರ್ದೇಶಕರು. ಅಲ್ಲಿ 'ಮ್ಯಾಕ್‌ಬೆತ್' ಅನ್ನು ಹಿಂದಿಯಲ್ಲಿ 'ಬರ್ನಮ್ ವನ' ಮಾಡಿ, ಅದಕ್ಕೆ ಯಕ್ಷಗಾನದ ನಡೆ ಕೊಟ್ಟರು. 1981ರಲ್ಲಿ ಪದ್ಮಶ್ರೀ. ಅದೇ ವರ್ಷ ಭೋಪಾಲದ ಭಾರತ ಭವನದ ರಂಗಮಂಡಲ ಕಟ್ಟಲು ಹೋದರು. 1986ರಲ್ಲಿ ತಂಡದ ನಟಿಯೊಬ್ಬರು ಅವರ ಮನೆಯಲ್ಲಿ ತೀವ್ರ ಸುಟ್ಟಗಾಯಕ್ಕೊಳಗಾದ ಪ್ರಕರಣದಲ್ಲಿ ಕಾರಂತರ ಬಂಧನವಾಯಿತು. ಭೋಪಾಲದ ಅಧ್ಯಾಯ ಅಲ್ಲಿಗೆ ಮುಗಿಯಿತು. ದೊಡ್ಡವರ ಜೀವನ ಬರೆಯುವಾಗ ಇಂಥ ವರ್ಷವನ್ನ ಹಾರಿ ದಾಟುವ ಅಭ್ಯಾಸ ನಮ್ಮಲ್ಲಿದೆ, ಅದು ಸರಿಯಲ್ಲ. ಕರ್ನಾಟಕಕ್ಕೆ ವಾಪಸ್ ಬಂದು 1989ರಲ್ಲಿ ಮೈಸೂರಿನ ರಂಗಾಯಣ ಶುರುಮಾಡಿದರು. 2002ರ ಸೆಪ್ಟೆಂಬರ್ 1ರಂದು ತೀರಿಕೊಂಡರು.

ಮತ್ತೆ ಆ ಪಟ್ಟಿಯ ವಿಚಾರ. ಕಾರಂತರು ಅದರಲ್ಲಿಲ್ಲದಿರಲು ಕಾರಣ ಪಿತೂರಿ ಏನಲ್ಲ, ಮಾರುಕಟ್ಟೆ ನಡೆಯುವ ರೀತಿ. ಹಾಡಿದ್ದರೆ ಗ್ರಾಮಫೋನ್ ರೆಕಾರ್ಡ್ ಬರುತ್ತೆ, ರೆಕಾರ್ಡ್ ಇದ್ದರೆ ಕ್ಯಾಸೆಟ್, ಆಮೇಲೆ ಸಿ.ಡಿ., ಆಮೇಲೆ ಸ್ಟ್ರೀಮಿಂಗ್. ಹಿನ್ನೆಲೆ ಸಂಗೀತವನ್ನ ಬೇರೆಯಾಗಿ ಬಿಡುಗಡೆ ಮಾಡುವ ರೂಢಿ ನಮ್ಮಲ್ಲಿ ಆಗ ಇರಲಿಲ್ಲ. ಅದು ಸಿನಿಮಾದ ಸೌಂಡ್‌ಟ್ರ್ಯಾಕಿನಲ್ಲಿ ಮಾತು, ಮಳೆ, ಹೆಜ್ಜೆ ಸದ್ದಿನ ಜೊತೆ ಬೆರೆತುಹೋಗಿರುತ್ತೆ. ಫಿಲಂ ಪ್ರಿಂಟ್ ಹಾಳಾದರೆ ಅದೂ ಹಾಳು. ಜಿ.ಕೆ. ವೆಂಕಟೇಶರ ಹಾಡುಗಳು ಪೆಂಡಾಲುಗಳಲ್ಲಿ ಬದುಕಿಕೊಳ್ಳುತ್ತವೆ. ಕುಣಿಗಲ್ ಕೆರೆಯ ಜಾನಪದ ಹಾಡು ಯಾವ ಕಂಪನಿಯ ಹಂಗೂ ಇಲ್ಲದೆ ಬಾಯಿಂದ ಬಾಯಿಗೆ ಉಳಿದಿದೆ. ದುಡಿಯ ಪೆಟ್ಟನ್ನ ಯಾರೂ ಗುನುಗಲಾರರು. ಅದನ್ನ ಉಳಿಸಬೇಕಾದರೆ ಸಿನಿಮಾವನ್ನೇ ಉಳಿಸಬೇಕು, ಒಳ್ಳೆ ಪ್ರಿಂಟಿನಿಂದ ಸದ್ದನ್ನೂ ಸೇರಿಸಿ ಡಿಜಿಟಲ್ ಮಾಡಬೇಕು. ಅದು ಅಭಿಮಾನಿಗಳ ಕೈಯಲ್ಲಾಗುವ ಕೆಲಸ ಅಲ್ಲ, ಸರ್ಕಾರದ ದುಡ್ಡು ಮತ್ತು ಆರ್ಕೈವ್ ಬೇಕು.

ತುಮಕೂರಿನಲ್ಲಿ ಗುಬ್ಬಿ ವೀರಣ್ಣ ಕಲಾಕ್ಷೇತ್ರ ಇದೆ. ಜಯಂತಿ, ಸನ್ಮಾನ, ಶಾಲು, ಹಾರ ಎಲ್ಲ ನಡೆಯುತ್ತೆ. ವೀರಣ್ಣನವರ ಹೆಸರಿನ ಆ ಹಾಲ್‌ನಲ್ಲಿ ವರ್ಷಕ್ಕೊಂದು ದಿನ, ಅವರು ಓದಲು ಕಳಿಸಿದ ಹುಡುಗನ ಸಿನಿಮಾಗಳನ್ನ ಕಾಲೇಜು ಹುಡುಗರಿಗೆ ತೋರಿಸಿದರೆ ಖರ್ಚೇನೂ ಜಾಸ್ತಿ ಆಗಲ್ಲ. ಅಷ್ಟರವರೆಗೆ ನೀವೇ ಒಂದು ಕೆಲಸ ಮಾಡಿ. 'ಚೋಮನ ದುಡಿ' ಎಲ್ಲಿ ಸಿಕ್ಕರೂ ಹುಡುಕಿ ನೋಡಿ. ಮೊಬೈಲ್ ಸ್ಪೀಕರ್ ಬೇಡ, ಕಿವಿಗೆ ಒಳ್ಳೆ ಹೆಡ್‌ಫೋನ್ ಹಾಕಿಕೊಳ್ಳಿ. ಕೊನೆಯ ದುಡಿ ನಿಲ್ಲುವವರೆಗೂ ಎದ್ದು ಹೋಗಬೇಡಿ.