ಅಳತೆ ನೋಡಿ ತೂತು ಕೊರೆದ ಬೀಟ್ರಿಸ್ ಶಿಲ್ಲಿಂಗ್

ಹೋದ ಸೆಮಿಸ್ಟರ್ ರಜೆಯಲ್ಲಿ ನಮ್ಮ ಗ್ಯಾಂಗ್‌ಗೆ ಒಂದು ಹುಚ್ಚು ಹಿಡಿದಿತ್ತು. ನಮ್ಮಲ್ಲೊಬ್ಬನ ಮನೇಲಿ ಹಳೇ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು ಇದೆ. ಅದರ ಬೋನೆಟ್ ಕೆಳಗಿರೋ ಕಪ್ಪು ಪ್ಲಾಸ್ಟಿಕ್ ಏರ್ ಬಾಕ್ಸ್ ಕಿತ್ತು, ಅಂಗಡಿಯಲ್ಲಿ ಸಿಗೋ ಕೋನ್ ಫಿಲ್ಟರ್ ಇನ್‌ಟೇಕ್ ಹಾಕಿಸೋಣ ಅಂತ ಎಲ್ಲರೂ ಸೇರಿ ದುಡ್ಡು ಕೂಡಿಸೋಕೆ ಶುರು ಮಾಡಿದ್ವಿ. ಎಂಜಿನ್ ಟ್ಯೂನಿಂಗ್‌ಗೆ ಬಜೆಟ್ ಇರಲಿಲ್ಲ. ಗಾಳಿ ಜಾಸ್ತಿ ಹೋದ್ರೆ ಪವರ್ ತಾನಾಗೇ ಬರುತ್ತೆ, ಟ್ಯೂನಿಂಗ್ ಯಾಕೆ ಬೇಕು ಅನ್ನೋದು ನಮ್ಮ ಥಿಯರಿ. ಅದು ಸರೀನಾ ಅಂತ ಓದ್ತಾ ಹೋದಾಗ ಸಿಕ್ಕಿದ್ದು ಬೀಟ್ರಿಸ್ ಶಿಲ್ಲಿಂಗ್ ಅನ್ನೋ ಇಂಗ್ಲಿಷ್ ಎಂಜಿನಿಯರ್ ಕಥೆ. ಅವರು ತೀರಿಕೊಂಡು 30 ವರ್ಷದ ಮೇಲಾಯ್ತು. ಆದರೆ ನಮ್ಮ ಥಿಯರಿಗೆ ಅವರ ಜೀವನದಲ್ಲೇ ಉತ್ತರ ಇತ್ತು.

ಬೀಟ್ರಿಸ್ ಹುಟ್ಟಿದ್ದು 1909ರ ಮಾರ್ಚ್ 8ರಂದು, ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ವಾಟರ್‌ಲೂವಿಲ್ ಅನ್ನೋ ಊರಲ್ಲಿ. ಅಪ್ಪನದು ಮಾಂಸದ ವ್ಯಾಪಾರ. ಮನೇಲಿ ಎಂಜಿನಿಯರ್ ಯಾರೂ ಇರಲಿಲ್ಲ. ಆದರೂ ಈ ಹುಡುಗಿ 14ನೇ ವಯಸ್ಸಿಗೇ ಒಂದು ಮೋಟಾರ್‌ಸೈಕಲ್ ತಗೊಂಡಳು. ಶಾಲೆ ಮುಗಿದ ಮೇಲೆ ಮಾರ್ಗರೆಟ್ ಪಾರ್ಟ್ರಿಜ್ ಅನ್ನೋ ಮಹಿಳಾ ಎಂಜಿನಿಯರ್ ನಡೆಸ್ತಿದ್ದ ಎಲೆಕ್ಟ್ರಿಕಲ್ ಕಂಪನಿಯಲ್ಲಿ ಅಪ್ರೆಂಟಿಸ್ ಆಗಿ ಸೇರಿದರು. ವೈರಿಂಗ್ ಮಾಡೋದು, ಜನರೇಟರ್ ಕೂರಿಸೋದು, ಹೀಗೆ ಕೈ ಕೊಳೆ ಮಾಡಿಕೊಂಡೇ ಕೆಲಸ ಕಲಿತರು. ಆಮೇಲೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ ಸೇರಿ 1932ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಡಿಗ್ರಿ ಪಡೆದರು. ಅಲ್ಲೇ ಉಳಿದು ಮೆಕ್ಯಾನಿಕಲ್‌ನಲ್ಲಿ ಎಂಎಸ್‌ಸಿಯನ್ನೂ ಮಾಡಿದರು. ಬ್ರಾಂಚ್ ಚೇಂಜ್‌ಗೆ ಒದ್ದಾಡೋ ನಾವೆಲ್ಲ ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನಾದ್ವಿ.

ಮುಂದೆ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ರಿಸರ್ಚ್ ಅಸಿಸ್ಟೆಂಟ್ ಕೆಲಸ. ವಿಷಯ ಸೂಪರ್‌ಚಾರ್ಜರ್ ಹಾಕಿದ ಒಂದೇ ಸಿಲಿಂಡರಿನ ಎಂಜಿನ್. ಸೂಪರ್‌ಚಾರ್ಜರ್ ಅಂದ್ರೆ ಗಾಳಿಯನ್ನ ಒತ್ತಿ ಎಂಜಿನ್ ಒಳಗೆ ತುಂಬೋ ಪಂಪ್. ಎಂಜಿನ್‌ಗೆ ಎಷ್ಟು ಗಾಳಿ ಬೇಕು, ಅದಕ್ಕೆ ಎಷ್ಟು ಪೆಟ್ರೋಲ್ ಬೇಕು ಅನ್ನೋ ಲೆಕ್ಕ ಅವರ ದಿನನಿತ್ಯದ ಕೆಲಸ ಆಗೋಯ್ತು. ಅದೇ ಕಾಲಕ್ಕೆ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕ್‌ನಲ್ಲಿ ತಮ್ಮ 500 ಸಿಸಿ ನಾರ್ಟನ್ ಬೈಕನ್ನ ತಾವೇ ಟ್ಯೂನ್ ಮಾಡಿ ಓಡಿಸ್ತಿದ್ರು. ಗಂಟೆಗೆ 106 ಮೈಲಿ, ಅಂದ್ರೆ ಸುಮಾರು 170 ಕಿಲೋಮೀಟರ್ ವೇಗದಲ್ಲಿ ಒಂದು ಸುತ್ತು ಹೊಡೆದು ಗೋಲ್ಡ್ ಸ್ಟಾರ್ ಗೆದ್ದರು. 100 ಮೈಲಿ ದಾಟಿದವರಿಗೆ ಮಾತ್ರ ಸಿಗ್ತಿದ್ದ ಬ್ಯಾಡ್ಜ್ ಅದು. ಜಾರ್ಜ್ ನೇಲರ್ ಮದುವೆ ಆಗೋಣ ಅಂದಾಗ, ನೀನೂ ಗೋಲ್ಡ್ ಸ್ಟಾರ್ ತಗೊಂಡು ಬಾ ಅಂತ ಷರತ್ತು ಹಾಕಿದ್ರಂತೆ ಅನ್ನೋ ಕಥೆ ಇದೆ. ಅವರು ಗೆದ್ದರು, 1938ರಲ್ಲಿ ಮದುವೆನೂ ಆಯ್ತು.

ಇದಕ್ಕೂ ಮುಂಚೆ, 1936ರಲ್ಲಿ, ಬೀಟ್ರಿಸ್ ಫಾರ್ನ್‌ಬರೋದಲ್ಲಿದ್ದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್ ಸೇರಿದ್ರು. ಮೊದಲು ಕೊಟ್ಟಿದ್ದು ಎಂಜಿನ್ ಕೈಪಿಡಿ ಬರೆಯೋ ಕೆಲಸ. ಮೇಜಿನ ಮುಂದೆ ಕೂತು ಬರೆಯೋದು ಅವರಿಗೆ ಒಗ್ಗಲಿಲ್ಲ. ಸ್ವಲ್ಪ ಕಾಲದಲ್ಲೇ ಕಾರ್ಬುರೇಟರ್ ಕೆಲಸಕ್ಕೆ ಬಂದರು. ಅಷ್ಟರಲ್ಲಿ ಯುದ್ಧ ಶುರುವಾಯ್ತು.

1940ರ ಬ್ರಿಟನ್ ಕದನದಲ್ಲಿ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳಿಗೆ ಇದ್ದಿದ್ದು ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್: 12 ಸಿಲಿಂಡರ್, 27 ಲೀಟರ್. ಇದಕ್ಕೆ ಕಾರ್ಬುರೇಟರ್ ಇತ್ತು. ಎದುರಾಳಿ ಮೆಸರ್ಶ್ಮಿಟ್ 109ಗೆ ಫ್ಯುಯಲ್ ಇಂಜೆಕ್ಷನ್. ಜರ್ಮನ್ ಪೈಲಟ್ ಮೂತಿಯನ್ನ ತಟ್ಟನೆ ಕೆಳಗೆ ಮಾಡಿ ಧುಮುಕಿದ್ರೆ ಅವನ ಎಂಜಿನ್ ಏನೂ ಆಗದ ಹಾಗೆ ಓಡ್ತಿತ್ತು. ಹಿಂದೆ ಹಾಗೇ ಧುಮುಕಿದ ಬ್ರಿಟಿಷ್ ಪೈಲಟ್‌ನ ಎಂಜಿನ್ ಕೆಮ್ಮಿ, ಕಪ್ಪು ಹೊಗೆ ಉಗುಳಿ, ಕೆಲವು ಸೆಕೆಂಡ್ ಸತ್ತೇ ಹೋಗ್ತಿತ್ತು. ತಪ್ಪಿಸ್ಕೋಬೇಕು ಅಂದ್ರೆ ಮೊದಲು ವಿಮಾನವನ್ನ ಮಗುಚಿ ಆಮೇಲೆ ಧುಮುಕಬೇಕು. ಅಷ್ಟರಲ್ಲಿ ಶತ್ರು ಕೈ ತಪ್ಪಿ ಹೋಗಿರ್ತಿದ್ದ, ಇಲ್ಲಾ ಇವರ ಬೆನ್ನಿಗೇ ಬಿದ್ದಿರ್ತಿದ್ದ.

ಕಾರಣ ಹೀಗಿತ್ತು. ತಟ್ಟನೆ ಧುಮುಕಿದಾಗ ಕಾರ್ಬುರೇಟರಿನ ಫ್ಲೋಟ್ ಚೇಂಬರ್‌ನಲ್ಲಿರೋ ಪೆಟ್ರೋಲ್ ಮೇಲಕ್ಕೆ ಹಾರುತ್ತೆ. ಕೆಳಗಿರೋ ಜೆಟ್‌ಗೆ ಒಂದು ಕ್ಷಣ ಪೆಟ್ರೋಲೇ ಸಿಗಲ್ಲ. ಅದು ಮೊದಲನೇ ಕೆಮ್ಮು. ಫ್ಲೋಟ್ ಕೂಡ ಜಾಗ ತಪ್ಪಿ ವಾಲ್ವ್ ಪೂರ್ತಿ ತೆರೆದುಬಿಡುತ್ತೆ. ಪಂಪ್ ತನ್ನ ಕೈಲಾದಷ್ಟೂ ಪೆಟ್ರೋಲ್ ನೂಕುತ್ತೆ, ಎಂಜಿನ್ ಅದರಲ್ಲಿ ಮುಳುಗಿಹೋಗುತ್ತೆ. ಅಪಾಯ ಇದ್ದಿದ್ದು ಈ ಎರಡನೇದರಲ್ಲಿ.

ಬೀಟ್ರಿಸ್ ಕಾರ್ಬುರೇಟರ್ ಬದಲಾಯಿಸೋಕೆ ಹೋಗಲಿಲ್ಲ, ಅದಕ್ಕೆ ಟೈಮೂ ಇರಲಿಲ್ಲ. ಫುಲ್ ಪವರ್‌ನಲ್ಲಿ ಮರ್ಲಿನ್‌ಗೆ ಸರಿಯಾಗಿ ಎಷ್ಟು ಪೆಟ್ರೋಲ್ ಬೇಕು ಅಂತ ಲೆಕ್ಕ ಹಾಕಿದ್ರು. ಅಷ್ಟು ಮಾತ್ರ ಹೋಗೋ ಹಾಗೆ ತೂತು ಇರೋ ಒಂದು ಚಿಕ್ಕ ಹಿತ್ತಾಳೆ ತುಂಡನ್ನ ಪೆಟ್ರೋಲ್ ಪೈಪಿನೊಳಗೆ ಕೂರಿಸಿದ್ರು. ಮೊದಲು ಅದು ದರ್ಜಿಯ ಬೆರಳು ಟೋಪಿ ತರ ಇತ್ತು, ಆಮೇಲೆ ಬರೀ ವಾಷರ್ ಆಯ್ತು. ವಾಲ್ವ್ ಎಷ್ಟೇ ತೆರೆದರೂ ಈಗ ಎಂಜಿನ್ ಮುಳುಗಲ್ಲ. ಎಲ್ಲಾ ಎಂಜಿನ್‌ಗೂ ಒಂದೇ ತೂತು ನಡೆಯಲ್ಲ ಅನ್ನೋದೂ ಅವರಿಗೆ ಗೊತ್ತಿತ್ತು. ಎಂಜಿನ್ ಬೂಸ್ಟ್ ಬದಲಾದ್ರೆ ತೂತಿನ ಅಳತೆಯನ್ನೂ ಬದಲಾಯಿಸಿದ್ರು. 1941ರ ಮೊದಲ ತಿಂಗಳುಗಳಲ್ಲಿ ಒಂದು ಸಣ್ಣ ತಂಡ ಕಟ್ಟಿಕೊಂಡು ವಾಯುನೆಲೆಗಳನ್ನ ಸುತ್ತಿ ಇದನ್ನ ಹಾಕಿಸಿದ್ರು. ಪೈಲಟ್‌ಗಳು ಆ ವಾಷರ್‌ಗೆ ಅವರ ಹೆಸರನ್ನೇ ಇಟ್ಟರು. ತುಂಬಾ ಹೊತ್ತು ತಲೆಕೆಳಗಾಗಿ ಹಾರೋದಕ್ಕೆ ಇದು ಸಾಲ್ತಿರಲಿಲ್ಲ. ಅದಕ್ಕೆ ಪ್ರೆಶರ್ ಕಾರ್ಬುರೇಟರ್ ಬರೋವರೆಗೂ ಕಾಯಬೇಕಾಯ್ತು. ಅಲ್ಲಿವರೆಗೆ ಎಷ್ಟೋ ಪೈಲಟ್‌ಗಳ ಜೀವ ಈ ತುಂಡಿನ ಮೇಲೆ ನಿಂತಿತ್ತು.

ಇಲ್ಲಿ ನಮ್ಮ ಕಾರು ನೆನಪಾಯ್ತು. ನಾವು ದಾರಿ ದೊಡ್ಡದು ಮಾಡಿದ್ರೆ ಪವರ್ ಅಂತಿದ್ವಿ, ಅವರು ದಾರಿ ಚಿಕ್ಕದು ಮಾಡಿ ಎಂಜಿನ್ ಉಳಿಸಿದ್ರು. ಎರಡಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಅಡಚಣೆ ನಿಜವಾಗ್ಲೂ ಎಲ್ಲಿದೆ, ಎಷ್ಟಿದೆ?

ಲೆಕ್ಕ ಹಾಕಿ ನೋಡಿದ್ವಿ. ಹೊರಗಿನ ಗಾಳಿಯ ಒತ್ತಡ ಸುಮಾರು 100 ಕಿಲೋಪ್ಯಾಸ್ಕಲ್. ಫುಲ್ ಥ್ರಾಟಲ್‌ನಲ್ಲಿ ಕಂಪನಿ ಫಿಲ್ಟರ್ ಮತ್ತು ಏರ್ ಬಾಕ್ಸ್ ಅದರಲ್ಲಿ 2 ತಿಂತು ಅಂದ್ಕೊಳ್ಳಿ. ಅದನ್ನ ಪೂರ್ತಿ ಸೊನ್ನೆ ಮಾಡಿದ್ರೂ ಜಾಸ್ತಿ ಸಿಗೋ ಗಾಳಿ 2% ಆಸುಪಾಸು. 80 ಎಚ್‌ಪಿ ಎಂಜಿನ್‌ಗೆ ಒಂದೂವರೆ ಎಚ್‌ಪಿ, ಅದನ್ನ ಸೀಟಲ್ಲಿ ಕೂತು ಗುರುತಿಸೋಕೆ ಆಗಲ್ಲ. ಅರ್ಧ ಪೆಡಲ್‌ನಲ್ಲಿ ಅದೂ ಇಲ್ಲ, ಯಾಕಂದ್ರೆ ಆಗ ಗಾಳಿಗೆ ಅಡ್ಡ ನಿಂತಿರೋದು ಥ್ರಾಟಲ್ ತಟ್ಟೆಯೇ.

ಇನ್ನು ಬಿಸಿ. ಕಂಪನಿ ಏರ್ ಬಾಕ್ಸ್ ಸಾಮಾನ್ಯವಾಗಿ ಮುಂದಿನ ಗ್ರಿಲ್ ಹತ್ತಿರದಿಂದ ತಂಪು ಗಾಳಿ ಎಳ್ಕೊಳ್ಳುತ್ತೆ. ತೆರೆದ ಕೋನ್ ಫಿಲ್ಟರ್ ಬೋನೆಟ್ ಒಳಗಿನ ಬಿಸಿ ಗಾಳಿ ಕುಡಿಯುತ್ತೆ. 35 ಡಿಗ್ರಿ ಬದಲು 55 ಡಿಗ್ರಿ ಗಾಳಿ ಹೋದ್ರೆ ಅದರ ಸಾಂದ್ರತೆ ಸುಮಾರು 6% ಕಮ್ಮಿ. 2 ಗಳಿಸೋಕೆ ಹೋಗಿ 6 ಕಳ್ಕೊಂಡ ಹಾಗೆ. ಮರ್ಲಿನ್‌ನಲ್ಲಿ ಕಾರ್ಬುರೇಟರ್ ಬಿಡದೇ ಇದ್ದಿದ್ದಕ್ಕೆ ಒಂದು ಕಾರಣನೂ ಇದೇ: ಸೂಪರ್‌ಚಾರ್ಜರ್‌ಗೆ ಹೋಗೋ ಮುಂಚೆ ಪೆಟ್ರೋಲ್ ಆವಿಯಾಗಿ ಗಾಳಿಯನ್ನ ತಂಪು ಮಾಡ್ತಿತ್ತು.

ಹಾಗಂತ ಇನ್‌ಟೇಕ್ ಬದಲಾಯಿಸೋದೇ ದಂಡ ಅಂತಲ್ಲ. ರೋಲ್ಸ್ ರಾಯ್ಸ್‌ನ ಸ್ಟ್ಯಾನ್ಲಿ ಹುಕರ್ ಇದೇ ಮರ್ಲಿನ್‌ನ ಸೂಪರ್‌ಚಾರ್ಜರನ್ನೂ ಅದಕ್ಕೆ ಗಾಳಿ ಹೋಗೋ ದಾರಿಯನ್ನೂ ತಿದ್ದಿದಾಗ ಒಳ್ಳೇ ಪವರ್ ಬಂತು. ಅಲ್ಲಿ ಅಡಚಣೆ ಇದೆ ಅಂತ ಅವರು ಲೆಕ್ಕದಿಂದ ಕಂಡುಕೊಂಡಿದ್ರು. ನಮ್ಮ ಕಾರಲ್ಲಿ ಗಾಳಿ ಅಳೆದು ಪೆಟ್ರೋಲ್ ಬಿಡೋದು ಇಸಿಯು. ಸಣ್ಣ ವ್ಯತ್ಯಾಸವನ್ನ ಅದೇ ಸರಿಮಾಡ್ಕೊಳ್ಳುತ್ತೆ. ಆದರೆ ಗಾಳಿ ಅಳೆಯೋ ಸೆನ್ಸರ್ ಕೂರೋ ಪೈಪಿನ ಅಗಲವೇ ಬದಲಾದ್ರೆ ಅದು ಓದೋದು ತಪ್ಪು ಲೆಕ್ಕ, ಪೆಟ್ರೋಲೂ ತಪ್ಪುತ್ತೆ. ಕ್ಯಾಮ್, ಎಕ್ಸಾಸ್ಟ್, ಟ್ಯೂನ್ ಎಲ್ಲ ಸೇರಿ ಬದಲಾದಾಗ ಇನ್‌ಟೇಕ್‌ಗೂ ಅರ್ಥ ಬರುತ್ತೆ. ಒಂದನ್ನೇ ಹಾಕಿದ್ರೆ ಗ್ಯಾರಂಟಿಯಾಗಿ ಜಾಸ್ತಿ ಆಗೋದು ಸದ್ದು. ಸದ್ದು ಕೇಳಿ ಸ್ಪೀಡ್ ಅಂದ್ಕೊಳ್ಳೋದು ನಮ್ಮ ಕಿವಿ.

ಯುದ್ಧದ ನಂತರ ಬೀಟ್ರಿಸ್‌ಗೆ ಒಬಿಇ ಗೌರವ ಸಿಕ್ತು. ಒದ್ದೆ ರನ್‌ವೇ ಮೇಲೆ ಬ್ರೇಕ್ ಯಾಕೆ ಹಿಡಿಯಲ್ಲ ಅನ್ನೋದರ ಮೇಲೂ ಕೆಲಸ ಮಾಡಿದ್ರು. ಗಂಡನ ಜೊತೆ ಕಾರ್ ರೇಸಿಗೂ ಇಳಿದ್ರು. 1967ರಲ್ಲಿ ಡ್ಯಾನ್ ಗರ್ನಿ ತಂಡದ ಈಗಲ್ ರೇಸ್ ಕಾರು ಬಿಸಿಯಾಗ್ತಿದ್ದಾಗ ಕರೆದಿದ್ದು ಇವರನ್ನೇ. 1969ರಲ್ಲಿ ನಿವೃತ್ತಿ, 1990ರ ನವೆಂಬರ್‌ನಲ್ಲಿ ನಿಧನ.

ನಾವು ಕೂಡಿಸಿದ ದುಡ್ಡು ಇನ್ನೂ ಹಾಗೇ ಇದೆ. ಮೊದಲು ಒಂದು ಟ್ರಾನ್ಸ್‌ಪರೆಂಟ್ ಟ್ಯೂಬ್ ತಗೊಂಡು, ಅರ್ಧ ನೀರು ತುಂಬಿ, ಯು ಆಕಾರದಲ್ಲಿ ಬಗ್ಗಿಸಿ, ಒಂದು ತುದಿಯನ್ನ ಫಿಲ್ಟರ್ ಮತ್ತು ಥ್ರಾಟಲ್ ನಡುವಿನ ಪೈಪ್‌ಗೆ ಸಿಕ್ಕಿಸೋಣ ಅಂತ ಮಾತಾಗಿದೆ. ಖಾಲಿ ಜಾಗದಲ್ಲಿ ಒಬ್ಬ ಓಡಿಸ್ಬೇಕು, ಪಕ್ಕದಲ್ಲಿ ಕೂತವನು ಫುಲ್ ಥ್ರಾಟಲ್‌ನಲ್ಲಿ ನೀರಿನ ಮಟ್ಟ ನೋಡ್ಬೇಕು. ಎರಡು ಕಡೆಯ ಮಟ್ಟದಲ್ಲಿ 10 ಸೆಂಟಿಮೀಟರ್ ವ್ಯತ್ಯಾಸ ಬಂದ್ರೆ ಸುಮಾರು 1 ಕಿಲೋಪ್ಯಾಸ್ಕಲ್. ಜಾಸ್ತಿ ಬಂದ್ರೆ ಹೊಸ ಕಂಪನಿ ಫಿಲ್ಟರ್ ಹಾಕಿ ಇನ್ನೊಂದು ಸಲ ನೋಡೋದು, ಆಮೇಲೇ ಅಂಗಡಿ ಮಾತು. ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬ್‌ನಲ್ಲಿ ಮಾನೋಮೀಟರ್ ರೀಡಿಂಗನ್ನ ಪಕ್ಕದವನ ರೆಕಾರ್ಡ್ ನೋಡಿ ಬರೆದವರು ನಾವೇ. ಈ ಸಲ ನಾವೇ ಓದಿ ಬರೀತೀವಿ.